ನೀಲವ್ವನ ಕವರಿಂಗ್ ಲೆಟರ್

ನಮ್ಮ ಮನೆಯ ಕಿರಾಣಿ ಚೀಟಿಗೂ ಒಂದು ‘ವಿಷಯ’ ಇರುತ್ತದೆ. ನಗಬೇಡಿ, ಖರೇ ಹೇಳುತ್ತಿದ್ದೇನೆ. ಮೊನ್ನೆ ಒಗ್ಗರಣೆಗೆ ಸಾಸಿವೆ ತೀರಿತೆಂದು ಹಾಳಿ ಹರಿದುಕೊಂಡು ಕೂತವಳು, ಬಲಗಡೆ ಮೇಲೆ ಊರು, ಅದರ ಕೆಳಗೆ ದಿನಾಂಕ, ನಡುವೆ ‘ವಿಷಯ: ದಿನಸಿ ಸಾಮಾನುಗಳ ಕುರಿತು’ ಎಂದು ಬರೆದು ಅಡಿಗೆರೆಯನ್ನೂ ಎಳೆದುಬಿಟ್ಟಿದ್ದೆ. ಗೆರೆ ಎಳೆದ ಮೇಲೆ ಎಚ್ಚರವಾಯಿತು. ಯಜಮಾನರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, “ಸಾಸಿವಿ ಪಾವ್ ಕಿಲೋ ದಯಪಾಲಿಸಬೇಕಾಗಿ ವಿನಂತಿ ಅಂತ ಕೆಳಗ ಬರದಿಲ್ಲಲ್ಲ? ಹಂಗ ಒಯ್ದ್ರ ಅಂಗಡಿಯಾಂವ ಅರ್ಜಿ ತಿರಸ್ಕಾರ ಮಾಡತಾನ ನೋಡು,” ಎಂದು ಚೀಲ ಹಿಡಿದು ಹೊರಟುಹೋದರು. ಅವರಿಗೇನು, ಮದುವೆಯಾದಾಗಿನಿಂದ ಇದೇ ಚೇಷ್ಟೆ.

ಆದರೆ ಈ ಚಟ ನನಗೆ ಅಂಟಿದ್ದು ಮದುವೆಗೂ ಬಹಳ ಮೊದಲು, ಬ್ಯಾಡಗಿಯ ಕನ್ನಡ ಶಾಲೆಯಲ್ಲಿ. ನಮ್ಮೂರು ನಿಮಗೆ ಗೊತ್ತೇ ಇದೆ. ಮೆಣಸಿನಕಾಯಿ ಹಂಗಾಮು ಸುರುವಾದರೆ ಊರಿಗೆ ಊರೇ ಸೀನುತ್ತದೆ. ಪ್ರಾರ್ಥನೆಗೆ ನಿಂತ ಮಕ್ಕಳು ಸೀನುತ್ತಾರೆ, ಪ್ರಾರ್ಥನೆ ಹೇಳಿಕೊಡುವ ಅಕ್ಕೋರೂ ಸೀನುತ್ತಾರೆ, ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ನಾನು ಐದನೇ ಇಯತ್ತೆಯಲ್ಲಿದ್ದಾಗ ರವಿವಾರ ಅವ್ವನ ಜೊತೆ ಕೂತು ಹಟದಿಂದ ಮೆಣಸಿನಕಾಯಿ ತೊಟ್ಟು ಬಿಡಿಸಿದೆ. ಮರುದಿನ ಎರಡೂ ಕೈ ಉರಿ ಉರಿ. ಪೆನ್ಸಿಲ್ ಹಿಡಿಯಲು ಆಗುವಂತಿರಲಿಲ್ಲ. ಸೋಮವಾರ ಶಾಲೆಗೆ ಹೋಗಲಿಲ್ಲ. ಮಂಗಳವಾರ ರಜಾ ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ತೊಟ್ಟು ಬಿಡಿಸಿ ಕೈ ಉರಿಯುತ್ತಿದ್ದುದರಿಂದ ಬರಲಾಗಲಿಲ್ಲ.

ಅಕ್ಕೋರು ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ಇಡೀ ತರಗತಿಗೆ ತೋರಿಸಿದರು. “ಕೈ ಉರಿ ಅಂತ ಯಾರರೆ ಅರ್ಜಿ ಬರೀತಾರೇನ? ಅರ್ಜಿಗೆ ಒಂದು ರೀತಿ ಐತಿ, ನೀತಿ ಐತಿ. ಜ್ವರ ಅಂತ ಬರಿ, ಜ್ವರ!” ನಾನು ಜ್ವರ ಅಂತ ಬರೆದೆ. ಅಲ್ಲಿಂದ ಮುಂದೆ ಹತ್ತನೇ ಇಯತ್ತೆಯವರೆಗೂ ನನಗೆ ಜ್ವರ ಬಿಟ್ಟು ಬೇರೆ ಏನೂ ಬರಲಿಲ್ಲ. ಅಕ್ಕನ ಮದುವೆಯಾದಾಗಲೂ ನನಗೆ ಜ್ವರ, ಮಾವನ ಊರಿಗೆ ಹೋದಾಗಲೂ ಜ್ವರ. ಅರ್ಜಿಯಲ್ಲಿ ಖರೇ ಬರೆಯುವುದು ಅಂದರೆ ದೊಡ್ಡವರ ಎದುರು ಕಾಲು ಚಾಚಿ ಕೂತ ಹಾಗೆ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಈ ವಿದ್ಯೆಯ ಮೊದಲ ಫಲ ಸಿಕ್ಕಿದ್ದು ಹಾವೇರಿಯಲ್ಲಿ ಬಿ.ಎ. ಮುಗಿಸಿದ ವರ್ಷ. ಅಲ್ಲಿಯ ಒಂದು ಖಾಸಗಿ ಶಾಲೆಗೆ ಕ್ಲಾರ್ಕು ಬೇಕಾಗಿದ್ದರು. ನಾನು ನನ್ನ ಜೀವನದ ಮೊದಲ ನೌಕರಿ ಅರ್ಜಿ ಬರೆದೆ. ಗೊತ್ತಿದ್ದ ಅರ್ಜಿ ಒಂದೇ, ರಜಾ ಅರ್ಜಿ. ಅದರಲ್ಲಿ ‘ಎರಡು ದಿನ ರಜೆ’ ಇದ್ದ ಕಡೆ ‘ಸದರಿ ಹುದ್ದೆ’ ಎಂದು ಸೇರಿಸಿದೆ. ಉಳಿದದ್ದೆಲ್ಲ ಹಾಗೇ ಇಳಿಯಿತು. ಹಾಗೇ ಅಂದರೆ ಕೊನೆಯ ಸಾಲಿನವರೆಗೂ ಹಾಗೇ. ಎಡಗಡೆ ಕೆಳಗೆ ‘ಪಾಲಕರ ಸಹಿ’ ಎಂದು ಬರೆದು ಗೆರೆ ಎಳೆದು ಅಪ್ಪನ ಮುಂದೆ ಹಿಡಿದೆ. ಇಪ್ಪತ್ತೆರಡು ವರ್ಷದ ಮಗಳ ನೌಕರಿ ಅರ್ಜಿಗೆ ಪಾಲಕರ ಸಹಿ ಯಾಕೆ ಎಂದು ನನಗೂ ಅನ್ನಿಸಲಿಲ್ಲ, ಅಪ್ಪನಿಗೂ ಅನ್ನಿಸಲಿಲ್ಲ. ಹೊಲಿಗೆ ಮಷೀನು ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಎರಡು ಸಲ ಓದಿ, ಅಡ್ಡಹೆಸರಿನ ಸಮೇತ ಸಹಿ ಮಾಡಿದ.

ಸಂದರ್ಶನಕ್ಕೆ ಕರೆದರು. ಸಂಸ್ಥೆಯ ಅಧ್ಯಕ್ಷರು ಅರ್ಜಿ ನೋಡಿ, ಕೆಳಗಿನ ಸಹಿ ನೋಡಿ, ನನ್ನನ್ನು ನೋಡಿ, “ಪಾಲಕರು ಬಂದಾರೇನವಾ?” ಎಂದರು. ಚೇಷ್ಟೆಗೆ ಕೇಳಿದ್ದು. ನಾನು, “ಬಂದಾರ್ರಿ, ಹೊರಗ ಕುಂತಾರ,” ಎಂದೆ. ಖರೇನೇ ಕೂತಿದ್ದ ಅಪ್ಪ! ಅವನನ್ನು ಒಳಗೆ ಕರೆದು ಕುರ್ಚಿ ಕೊಟ್ಟು, ಚಹಾ ಕೊಟ್ಟು, ಬ್ಯಾಡಗಿ ಕಡೆ ಮಳೆ ಹೆಂಗ ಎಂದು ಕಾಲು ತಾಸು ಮಾತಾಡಿದರು. ನನ್ನನ್ನು ಏನೂ ಕೇಳಲಿಲ್ಲ. ನೌಕರಿ ಬೇರೆಯವರಿಗೆ ಹೋಯಿತು. ಬಸ್ಸಿನಲ್ಲಿ ಬರುವಾಗ ಅಪ್ಪ, “ನಾ ಸಹಿ ಸ್ವಲ್ಪ ಸೊಟ್ಟ ಮಾಡಿದ್ನೇನು?” ಎಂದ. ನನಗೆ ಅಳುವೂ ಬಂತು, ನಗುವೂ ಬಂತು.

ಇಂಥ ನಾನು ರಾಣೆಬೆನ್ನೂರಿನಲ್ಲಿ ಅರ್ಜಿ ಬರೆಯುವುದರಲ್ಲಿ ಹೆಸರು ಮಾಡಿದೆ ಎಂದರೆ ನೀವು ನಂಬಬೇಕು. ಸ್ಟೇಷನ್ ಹತ್ತಿರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಬ್ಯಾಡಗಿಯಿಂದ ಮುಂಜಾನೆ ಪ್ಯಾಸೆಂಜರ್ ಗಾಡಿಗೆ ಬಂದು ಸಂಜೆ ಅದೇ ಗಾಡಿಗೆ ಹೋಗುವುದು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಊರಲ್ಲಿ ಕಂಪ್ಯೂಟರ್ ಅಂಗಡಿಗಳು ತಲೆ ಎತ್ತಿದ್ದವು. ಟೈಪ್ ಮಷೀನಿಗೆ ದಿನ ತುಂಬಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ನಮ್ಮಲ್ಲಿ ಹನ್ನೆರಡು ಮಷೀನು ಬೆಳಗಿನಿಂದ ಸಂಜೆಯವರೆಗೆ ಟಕಟಕ ಅನ್ನುತ್ತಿದ್ದವು. ಹುಡುಗ ಹುಡುಗಿಯರು ಎ ಎಸ್ ಡಿ ಎಫ್ ಜಿ ಎಫ್ ಎಂದು ಹೊಡೆಯಲು ಹೊಸ ಹಾಳಿ ಕೊಡುತ್ತಿರಲಿಲ್ಲ. ಒಂದು ಬದಿ ಬಳಸಿದ ಹಾಳಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಟ್ಟು, ಅದರ ಹಿಂಬದಿಗೆ ಹೊಡೆಯಿರಿ ಎನ್ನುತ್ತಿದ್ದೆವು.

ಅಲ್ಲಿ ಕಲಿಸುವುದರ ಜೊತೆಗೆ ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ನನ್ನ ನಮೂನೆ ಸಿದ್ಧವಿತ್ತು. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಕಡುಬಡ ಕುಟುಂಬಕ್ಕೆ ಸೇರಿದವನಾಗಿದ್ದು, ಪ್ರಾಮಾಣಿಕನೂ ವಿಧೇಯನೂ ಕಷ್ಟಸಹಿಷ್ಣುವೂ ಆಗಿರುತ್ತೇನೆ. ಕಾರಣ ತಾವು ದಯಾಳುಗಳಾಗಿ ಸದರಿ ಹುದ್ದೆಯನ್ನು ದಯಪಾಲಿಸಿದ್ದೇ ಆದಲ್ಲಿ...’ ಈ ‘ದಯಪಾಲಿಸಿದ್ದೇ ಆದಲ್ಲಿ’ ಬಂದಾಗ ಎದುರು ಕೂತವರ ಮುಖ ಅರಳುತ್ತಿತ್ತು. “ಅಕ್ಕೋರ ಕೈಯಾಗ ಭಾಷೆ ಐತ್ರಿ!” ಎನ್ನುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಬರೆಸಿಕೊಂಡು ಹೋದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂದು ಮಾತ್ರ ಒಮ್ಮೆಯೂ ವಿಚಾರಿಸಲಿಲ್ಲ.

ನೀಲವ್ವ ಬಂದದ್ದು ಶ್ರಾವಣದಲ್ಲಿ, ಒಂದು ಸೋಮವಾರ. ಐರಣಿಯವಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿ ಮಾಡಿಕೊಂಡು, ಪೇಪರಿನ ಒಂದು ತುಂಡನ್ನು ನನ್ನ ಮೇಜಿನ ಮೇಲೆ ಇಟ್ಟಳು. ಒಂದು ಬೀಜದ ಕಂಪನಿಯ ಜಾಹೀರಾತು. ಕ್ಷೇತ್ರ ಸಹಾಯಕರು ಬೇಕಾಗಿದ್ದಾರೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಬೀಜೋತ್ಪಾದನೆಯ ಅನುಭವ ಇದ್ದವರಿಗೆ ಆದ್ಯತೆ, ವಯಸ್ಸು ಮೂವತ್ತೈದು ಮೀರಿರಬಾರದು, ಬಯೋಡಾಟಾ ಜೊತೆಗೆ ಸ್ವಂತ ಕೈಬರಹದ ಕವರಿಂಗ್ ಲೆಟರ್ ಲಗತ್ತಿಸಬೇಕು.

“ಬರೂ ದೀಪಾವಳಿಗೆ ನನಗ ಮೂವತ್ತೈದು ತುಂಬತಾವ್ರಿ ಅಕ್ಕೋರ,” ಎಂದಳು. “ಈ ಸಲ ಆದ್ರ ಆತು. ಇಲ್ಲಾಂದ್ರ ಮುಂದ ಯಾರೂ ಕೇಳಂಗಿಲ್ಲ.”

ಹತ್ತು ವರ್ಷದಿಂದ ಅವಳು ಹತ್ತಿ ಬೀಜದ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಅದೂ ಮೊದಲ ಸಲಕ್ಕೇ. ಪ್ರತಿ ವರ್ಷ ಕಂಪನಿಯಿಂದ ಹೊಸ ಹೊಸ ಹುಡುಗರು ಟೊಪ್ಪಿಗೆ ಹಾಕಿಕೊಂಡು ಬರುತ್ತಿದ್ದರಂತೆ. ಯಾವ ಹೂವು ಇಂದಿನದು, ಯಾವುದು ನಿನ್ನೆಯದು ಎಂಬುದನ್ನು ಇವಳೇ ಅವರಿಗೆ ಗುಟ್ಟಾಗಿ ಹೇಳಿಕೊಡಬೇಕಂತೆ. ಬೀಜ ಕಲಬೆರಕೆ ಆಯಿತು ಅಂದರೆ ಮಾತ್ರ ಬೈಗುಳ ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳಿಗೆ. “ಅವ್ರಿಗೆ ನಾ ಕಲಿಸಬೇಕು, ಆಮ್ಯಾಲ ಅವರ ಕಡಿಂದ ನಾ ಬೈಸಿಕೋಬೇಕು. ಸಾಕಾಗೇತ್ರಿ,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡ ಮಾತನ್ನು ಒಪ್ಪಿಸಿದ ಹಾಗಿತ್ತು.

ಆಮೇಲೆ ಬ್ಲೌಸಿನ ಒಳಗಿಂದ ಮಡಿಸಿದ ಮೂರು ಹಾಳಿ ತೆಗೆದಳು. “ಕವರಿಂಗ್ ಲೆಟರ್ ನಾನ ಬರಕೊಂಡು ಬಂದೇನ್ರಿ. ನೀವು ಬಯೋಡಾಟಾ ಒಂದು ಹೊಡದುಕೊಡ್ರಿ, ಸಾಕು.”

ನಾನು ಹಾಳಿ ಬಿಡಿಸಿದೆ. ನೋಟುಬುಕ್ಕಿನಿಂದ ಹರಿದ ಹಾಳಿಗಳು. ದುಂಡಗೆ, ಒತ್ತಿ ಬರೆದ ಅಕ್ಷರ. ಮೇಲೆ ‘ಕವರಿಂಗ್ ಬಗ್ಗೆ ಪತ್ರ’ ಎಂದು ತಲೆಬರಹ. ಮಾನ್ಯರೇ ಇಲ್ಲ, ವಿಷಯ ಇಲ್ಲ, ಸವಿನಯ ಇಲ್ಲ. ನೇರವಾಗಿ ಸುರುವಾಗಿತ್ತು: ‘ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನ ಹಿಡಿಯಬೇಕು.’

“ಏನಿದು ನೀಲವ್ವಾ?” ಎಂದೆ.

“ಕವರಿಂಗ್ ಅಂದ್ರ ಗೊತ್ತಿಲ್ಲೇನ್ರಿ ಅಕ್ಕೋರ?” ಅವಳಿಗೆ ನಿಜವಾಗಿ ಅಚ್ಚರಿಯಾಯಿತು. ಓದಿದ ಹೆಂಗಸಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಮರುಕಪಟ್ಟು ಬಿಡಿಸಿ ಹೇಳಿದಳು. ಹತ್ತಿಯ ಹೆಣ್ಣು ಸಾಲಿನ ಮೊಗ್ಗನ್ನು ಮಧ್ಯಾಹ್ನ ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಭಾಗ ತೆಗೆದು, ನಡುವಿನ ಕಡ್ಡಿಯೊಂದನ್ನೇ ಉಳಿಸಿ, ಅದಕ್ಕೆ ಕೆಂಪು ಕಾಗದದ ಸಣ್ಣ ಕವರ್ ತೊಡಿಸುತ್ತಾರೆ. ಮರುದಿನ ಮುಂಜಾನೆ ಕವರ್ ತೆಗೆದು ಗಂಡು ಸಾಲಿನ ಹೂವನ್ನು ಅದಕ್ಕೆ ಮುಟ್ಟಿಸುತ್ತಾರೆ. ಆ ಮಧ್ಯಾಹ್ನದ ಕೆಲಸಕ್ಕೆ ಹೊಲದಲ್ಲಿ ಎಲ್ಲರೂ ಅನ್ನುವುದು ಕವರಿಂಗ್. ಬೀಜದ ಕಂಪನಿ ಕವರಿಂಗ್ ಲೆಟರ್ ಕೇಳಿದೆ ಅಂದರೆ ಕವರಿಂಗ್ ಹೇಗೆ ಮಾಡುತ್ತಿ ಎಂದು ಬರೆ ಎಂದಲ್ಲದೆ ಇನ್ನೇನು? ನಾಲ್ಕು ದಿನ ಕೂತು ಬರೆದಿದ್ದಳು.

ನಾನು ನಕ್ಕೆ. ಸಣ್ಣಗೆ ಅಲ್ಲ. ಮೇಜಿನ ಮೇಲೆ ತಲೆ ಇಟ್ಟು ನಕ್ಕೆ. ನಾನು ನಕ್ಕಿದ್ದು ನೋಡಿ ಮಷೀನಿನ ಮುಂದೆ ಕೂತಿದ್ದ ಹುಡುಗಿಯರೂ ನಕ್ಕರು. ನೀಲವ್ವ ತಾನೂ ಸ್ವಲ್ಪ ನಕ್ಕಳು, ಯಾಕೆ ಎಂದು ತಿಳಿಯದೆ. ಇವತ್ತು ಆ ಅರ್ಧ ನಗುವನ್ನು ನೆನೆದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

“ಹುಚ್ಚೀ, ಕವರಿಂಗ್ ಲೆಟರ್ ಅಂದ್ರ ಇದಲ್ಲ, ಬಯೋಡಾಟಾದ ಜೋಡಿ ಹಚ್ಚೂ ಅರ್ಜಿ,” ಎಂದೆ. ನನಗಿಂತ ಎಂಟು ವರ್ಷ ದೊಡ್ಡವಳು ನನಗೆ ‘ಅಕ್ಕೋರ, ನೀವು’ ಎನ್ನುತ್ತಿದ್ದಳು, ನಾನು ಅವಳಿಗೆ ‘ಹುಚ್ಚೀ’ ಎಂದೆ. ನನ್ನ ನಮೂನೆ ತೆಗೆದು ಅವಳ ಮುಂದಿಟ್ಟೆ. ನೋಡಿಕೊಂಡು ನಿನ್ನ ಕೈಯಲ್ಲಿ ಬರೆ ಎಂದೆ. ಅವಳು ಮೊದಲು ಓದಿದಳು. ತುಟಿಗಳು ಅಲುಗುತ್ತಿದ್ದವು.

“ಅಕ್ಕೋರ, ಕಡುಬಡವಿ ಅಂತ ಯಾಕ್ರಿ? ಬಡವಿ ಅಂದ್ರ ಕೂಲಿಗೆ ಕರೀತಾರ. ನೌಕರಿಗೆ ಕರೀತಾರೇನ್ರಿ?”

“ಅದು ಬರಿಯೂ ರೀತಿ ನೀಲವ್ವಾ. ಹಂಗ ಬರದ್ರನ ಅವರಿಗೆ ಕರುಣಾ ಬರತೈತಿ.”

“ನಾ ಏನ್ ಮಾಡತೇನಿ ಅನ್ನೂದು ಇದರಾಗ ಎಲ್ಲೂ ಇಲ್ಲಲ್ರಿ.”

“ಅದು ಬಯೋಡಾಟಾದಾಗ ಬರತೈತಿ,” ಎಂದೆ. ಬಯೋಡಾಟಾದಲ್ಲಿ ನಾನು ಹೊಡೆದದ್ದು ಒಂದೇ ಸಾಲು: ‘ಅನುಭವ: ಹತ್ತು ವರ್ಷ, ಕೃಷಿ ಕೂಲಿ.’

ಅವಳು ಮತ್ತೆ ಮಾತಾಡಲಿಲ್ಲ. ಅಕ್ಷರ ಬಲ್ಲವರ ಮುಂದೆ ಎಷ್ಟು ಮಾತಾಡಬೇಕು ಎಂದು ಅವಳಿಗೂ ಯಾವುದೋ ಶಾಲೆಯಲ್ಲಿ ಕಲಿಸಿದ್ದರಲ್ಲ. ಬೆಂಚಿನ ಮೇಲೆ ಕೂತು ನನ್ನ ನಮೂನೆಯನ್ನು ಒಂದು ಚಿತ್ತೂ ಇಲ್ಲದೆ ಇಳಿಸಿದಳು. ‘ದಯಪಾಲಿಸಿದ್ದೇ ಆದಲ್ಲಿ’ ಎಂಬಲ್ಲಿ ಒತ್ತು ತಪ್ಪದಂತೆ ಎರಡು ಸಲ ನೋಡಿಕೊಂಡಳು. ಹೊರಡುವಾಗ ತನ್ನ ಮೂರು ಹಾಳಿ ಕೈಯಲ್ಲಿ ಹಿಡಿದು, “ಇವನ್ನ ಏನ್ ಮಾಡ್ಲಿ?” ಎಂದಳು. “ಇಲ್ಲೇ ಇಡು,” ಎಂದೆ. ಅವಳು ಹೋದ ಮೇಲೆ ಅವುಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿದೆ. ಹಿಂಬದಿ ಖಾಲಿ ಇತ್ತು, ಹುಡುಗಿಯರಿಗೆ ಹೊಡೆಯಲು ಬರುತ್ತದೆ ಎಂದು.

ಮೂರು ವಾರ ಕಳೆದಿರಬೇಕು. ಆ ಬೀಜದ ಕಂಪನಿಯ ಸಾಹೇಬರು ನಮ್ಮ ಇನ್‌ಸ್ಟಿಟ್ಯೂಟಿಗೆ ಬಂದರು. ಅವರ ಆಫೀಸಿನ ಕಂಪ್ಯೂಟರ್ ಕೆಟ್ಟು ಕೂತಿತ್ತಂತೆ. ಸಂದರ್ಶನಕ್ಕೆ ಕರೆಯುವ ಪತ್ರಗಳನ್ನು ಇಂದೇ ಟೈಪ್ ಮಾಡಿಕೊಡಬೇಕು ಎಂದು ಹದಿನೈದು ಹೆಸರುಗಳ ಪಟ್ಟಿ ಕೊಟ್ಟು, ಅಲ್ಲೇ ಕೂತರು. ನಾನು ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ನೀಲವ್ವನ ಹೆಸರು ಇರಲಿಲ್ಲ.

“ಸರ್, ಐರಣಿ ನೀಲವ್ವ ಅಂತ ಒಬ್ಬಾಕಿ ಅರ್ಜಿ ಹಾಕಿದ್ಲಲ್ರಿ,” ಎಂದೆ.

ಸಾಹೇಬರು ನಮ್ಮ ಕಡೆಯವರೇ, ಗುತ್ತಲದವರು. ಕೈ ಝಾಡಿಸಿದರು. “ಯಾರನ್ನ ಅಂತ ನೆನಪ ಇಟಗೋಲಿ ಅಕ್ಕಾರ? ಎಲ್ಲಾ ಅರ್ಜಿ ಒಂದ ನಮೂನಿ. ಎಲ್ಲಾರೂ ಕಡುಬಡವರು, ಎಲ್ಲಾರೂ ಪ್ರಾಮಾಣಿಕರು, ಎಲ್ಲಾರೂ ವಿಧೇಯರು. ಈ ರಾಣೆಬೆನ್ನೂರಾಗ ಯಾರೋ ಒಬ್ಬ ಪುಣ್ಯಾತ್ಮ ಕುಂತು ಎಲ್ಲಾರಿಗೂ ಬರದು ಕೊಡಾಕತ್ತಾನ. ನನಗ ಬೇಕಾಗಿದ್ದು ಮೊಗ್ಗು ನೋಡಿ ಇದು ನಾಳಿದು ಅಂತ ಹೇಳಾವ್ರು. ವಿಧೇಯರನ್ನ ಕಟಗೊಂಡು ನಾ ಏನ್ ಮಾಡ್ಲಿ?”

ಆ ಪುಣ್ಯಾತ್ಮ ಅವರ ಎದುರೇ ಕೂತು ಅವರ ಪತ್ರ ಟೈಪ್ ಮಾಡುತ್ತಿದ್ದಳು. ಎಷ್ಟು ಜನರನ್ನು ಆ ‘ಕಡುಬಡ’ದೊಳಗೆ ತುಂಬಿ ಕಳಿಸಿದ್ದೆ! ಎಷ್ಟು ಜನ “ಅಕ್ಕೋರ ಕೈಯಾಗ ಭಾಷೆ ಐತ್ರಿ” ಎಂದು ಕೈಮುಗಿದು ಹೋಗಿ, ಬಾರದ ಕರೆಗೆ ದಿನಾ ಪೋಸ್ಟಿನವನ ದಾರಿ ಕಾದಿದ್ದರು! ಎದ್ದು ಹೋಗಿ ರಟ್ಟಿನ ಪೆಟ್ಟಿಗೆಯನ್ನು ನೆಲಕ್ಕೆ ಸುರಿದೆ. ಹುಡುಗಿಯರು ಮಷೀನು ನಿಲ್ಲಿಸಿ ನೋಡತೊಡಗಿದರು. ಮೊಣಕಾಲೂರಿ ಕೂತು ಒಂದೊಂದೇ ಹಾಳಿ ಹೊರಳಿಸಿದೆ. ಮೊದಲ ಹಾಳಿ ಸಿಕ್ಕಿತು. ಎರಡನೆಯದು ಸಿಕ್ಕಿತು, ಅದರ ಬೆನ್ನಿಗೆ ಸಾಲು ಸಾಲಾಗಿ ಎ ಎಸ್ ಡಿ ಎಫ್ ಜಿ ಎಫ್. ಮೂರನೆಯದು ಸಿಗಲಿಲ್ಲ. ಯಾವ ಹುಡುಗಿ ಹೊಡೆದು ಮುದ್ದೆ ಮಾಡಿ ಎಸೆದಿದ್ದಳೋ.

ಎರಡು ಹಾಳಿಗಳನ್ನು ಸಾಹೇಬರಿಗೆ ಕೊಟ್ಟೆ. ತಲೆಬರಹ ನೋಡಿ ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಓದಿದರು. ಒಂದು ಕಡೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು:

‘ಇಂದು ಅರಳಿದ್ದು ಕೆಲಸಕ್ಕೆ ಬರುವುದಿಲ್ಲ. ನಾಡಿದ್ದು ಅರಳುವುದು ಇನ್ನೂ ಕೂಸು. ನಾಳೆಯದು ಯಾವುದು ಎಂದು ನೋಡಿದರೆ ತಿಳಿಯುತ್ತದೆ, ಹೇಳಲು ಬರುವುದಿಲ್ಲ. ಆದರೂ ಹೇಳುತ್ತೇನೆ. ಅದರ ತುದಿ ಹಾಲಿನ ಕೆನೆಯ ಬಣ್ಣಕ್ಕೆ ಬಂದಿರುತ್ತದೆ, ಬೆರಳಿಗೆ ಸ್ವಲ್ಪ ಸಡಿಲ ಅನ್ನಿಸುತ್ತದೆ. ಉಗುರು ನಡುವಿನ ಕಡ್ಡಿಗೆ ತಾಗಬಾರದು. ಒಂದು ಹಳದಿ ಕಾಳು ಒಳಗೆ ಉಳಿದರೂ ಬೀಜ ಕಲಬೆರಕೆಯಾಗುತ್ತದೆ, ಅದು ಆ ದಿನ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಬೇರೆಯವರ ಹೊಲದಲ್ಲಿ ಗೊತ್ತಾಗುತ್ತದೆ. ಕವರ್ ತೊಡಿಸುವಾಗ ಕುತ್ತಿಗೆ ಹಿಚುಕಬಾರದು. ಕವರ್ ಹಾಕುವುದು ಮುಚ್ಚಿಡಲು ಮಾತ್ರ ಅಲ್ಲ. ಮರುದಿನ ಹಸಿರಿನೊಳಗೆ ಹುಡುಕಿದಾಗ ಇದು ಕಾಣಬೇಕು ಎಂದು ಕೆಂಪು ಹಾಕುತ್ತಾರೆ.’

“ಮುಂದಿನ ವರ್ಷ ಬೇರೆಯವರ ಹೊಲದಲ್ಲಿ,” ಎಂದು ಸಾಹೇಬರು ಇನ್ನೊಮ್ಮೆ ಓದಿದರು. “ಇದನ್ನ ತಿಳಕೊಳ್ರೋ ಅಂತ ನಮ್ಮ ಹುಡುಗರಿಗೆ ಹೇಳಿ ಹೇಳಿ ನನ್ನ ಗಂಟಲಾ ಹರಿದೈತಿ. ಇದು ಯಾಕ ನಮಗ ಬರಲಿಲ್ರಿ ಅಕ್ಕಾರ?”

ಆಗ ಹೇಳಬೇಕಿತ್ತು. ನಾನು ತಡೆದೆ, ನಾನು ನಕ್ಕೆ, ನಾನೇ ರದ್ದಿಗೆ ಹಾಕಿದೆ ಎಂದು. “ಹಾಳಿ ಕಲಸಿ ಹೋಗಿದ್ವು ಸರ್,” ಎಂದೆ. ನೀಲವ್ವನ ಹೆಸರಿಗೆ ಹದಿನಾರನೆಯ ಪತ್ರ ಟೈಪ್ ಮಾಡಿ ಎಂದರು. ಹದಿನಾರನೆಯದರಲ್ಲಿ ಒಂದು ಅಕ್ಷರವೂ ತಪ್ಪಾಗಬಾರದೆಂದು ಉಸಿರು ಹಿಡಿದು ಹೊಡೆದೆ. ಆ ಎರಡು ಹಾಳಿಗಳನ್ನು ಅವರು ಮಡಿಸಿ ತಮ್ಮ ಫೈಲಿಗೆ ಸೇರಿಸಿಕೊಂಡರು.

ಸಂದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು. ಪೋಸ್ಟಿನ ಮೇಲೆ ನಂಬಿಕೆ ಸಾಲದೆ ಮರುದಿನ ನಾನೇ ಐರಣಿ ಬಸ್ಸು ಹತ್ತಿದೆ. ಊರ ಹೊರಗಿನ ಹೊಲದಲ್ಲಿ ಸಿಕ್ಕಳು. ಮಧ್ಯಾಹ್ನದ ಕೆಲಸ ನಡೆದಿತ್ತು. ಹತ್ತಿಪ್ಪತ್ತು ಹೆಂಗಸರು ಗಿಡಗಳ ನಡುವೆ ಬಗ್ಗಿದ್ದರು. ಹಿಂದೆ ಬಿಟ್ಟ ಸಾಲುಗಳಲ್ಲಿ ಕೆಂಪು ಕವರುಗಳು ಎದ್ದು ಕಾಣುತ್ತಿದ್ದವು. ನೀಲವ್ವ ಬೆರಳಿನ ಹಳದಿ ಪುಡಿಯನ್ನು ಸೀರೆಗೆ ಒರೆಸಿಕೊಂಡು ಪತ್ರ ತೆಗೆದುಕೊಂಡಳು. ಓದಿದಳು. ಓದಿ ಮುಗಿಸಿ ನನ್ನ ಎರಡೂ ಕೈ ಹಿಡಿದುಕೊಂಡಳು.

“ಏ ಬರ್ರಿ ಇಲ್ಲೆ, ಲಗೂ ಬರ್ರಿ!” ಎಂದು ಹೆಂಗಸರನ್ನು ಕೂಗಿದಳು. “ಇವರ ನೋಡ್ರಿ ನಾ ಹೇಳಿದ ಅಕ್ಕೋರು. ಇವರು ಬರದ ಪತ್ರ ಓದಿ ಕಂಪನಿಯವರು ನನ್ನ ಕರದಾರ! ನಾ ಹುಚ್ಚಿ ಏನೇನೋ ಬರಕೊಂಡು ಹೋಗಿದ್ನಿ. ಇವರು ತಿದ್ದಿಕೊಟ್ರು.”

ಹೆಂಗಸರೆಲ್ಲ ನನ್ನನ್ನು ನೋಡಿದರು. ಒಬ್ಬ ಮುದುಕಿ ನನ್ನ ಗದ್ದ ಮುಟ್ಟಿ ತನ್ನ ತುಟಿಗೆ ಒತ್ತಿಕೊಂಡಳು. ನನಗೆ ಮಾತು ಬಾಯಿಗೆ ಬಂದಿತ್ತು. ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು, ಹೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ. ನಕ್ಕು, “ಇಂಟರ್‌ವ್ಯೂದಾಗ ಅಂಜಬ್ಯಾಡ,” ಎಂದು ಬುದ್ಧಿ ಹೇಳಿ ಬಂದೆ. ಹೊಗಳಿಕೆ ಬಹಳ ಸಿಹಿ ಇತ್ತು ನೋಡ್ರಿ, ಅದಕ್ಕೇ ಹೇಳಲಿಲ್ಲ. ಬೇರೆ ಕಾರಣ ಹುಡುಕಿದರೆ ಅದೂ ಇನ್ನೊಂದು ಜ್ವರವೇ.

ನೀಲವ್ವನಿಗೆ ನೌಕರಿ ಆಯಿತು. ದೀಪಾವಳಿಗೆ ಮೊದಲೇ ಆಯಿತು. ಅವಳು ಪೇಢೆ ತಂದು ಇನ್‌ಸ್ಟಿಟ್ಯೂಟಿಗೆಲ್ಲ ಹಂಚಿದಳು. ಅಲ್ಲಿಂದ ಮುಂದೆ ಐರಣಿ ಕಡೆಯ ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬರತೊಡಗಿದರು. “ನೀಲವ್ವಕ್ಕ ಕಳಿಸ್ಯಾಳ್ರಿ. ಆಕಿಗೆ ಬರದಂಗ ನಮಗೂ ಒಂದು ಬರದುಕೊಡ್ರಿ.” ನಾನು ಹಳೆಯ ನಮೂನೆಯನ್ನು ಆ ವಾರವೇ ಹರಿದು ಹಾಕಿದ್ದೆ. ಬಂದವರನ್ನು ಎದುರಿಗೆ ಕೂಡಿಸಿಕೊಂಡು, “ಮುಂಜಾನಿಂದ ಸಂಜಿತನಕ ಏನೇನು ಮಾಡತೀರಿ, ಹೇಳ್ರಿ,” ಎನ್ನುತ್ತಿದ್ದೆ. ಮೊದಲು ನಾಚುತ್ತಿದ್ದರು. “ಏನಿಲ್ರಿ, ಸುಮ್ನ ಕೆಲಸಾರಿ,” ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮಾತು ಹೊರಡುತ್ತಿತ್ತು. ಟೊಮ್ಯಾಟೊ ಸಸಿಯ ಎಲೆ ಮುಟ್ಟಿ ರೋಗ ಹೇಳುವವಳು ಬಂದಳು. ಮೆಣಸಿನಕಾಯಿ ಮುರಿದ ಸದ್ದಿಗೇ ಅದು ಎಷ್ಟು ಒಣಗಿದೆ ಎಂದು ಹೇಳುವವಳು ಬಂದಳು, ನಮ್ಮ ಬ್ಯಾಡಗಿಯವಳೇ. ಅವರು ಹೇಳಿದ್ದನ್ನೇ ಬರೆದುಕೊಟ್ಟೆ. ಕೆಲವರಿಗೆ ಕೆಲಸ ಸಿಕ್ಕಿತು, ಕೆಲವರಿಗೆ ಇಲ್ಲ.

ಪ್ರತಿಯೊಬ್ಬಳೂ ನೀಲವ್ವನಿಗೆ ನಾನು ಬರೆದ ಪತ್ರದ ಮಾತೆತ್ತುತ್ತಿದ್ದಳು. ಪ್ರತಿ ಸಲವೂ ನಾನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ. ವಿನಯ ಎಂದುಕೊಳ್ಳುತ್ತಿದ್ದರು.

ಹೀಗೆ ಐದು ವರ್ಷ. ಇನ್‌ಸ್ಟಿಟ್ಯೂಟಿಗೂ ಕಂಪ್ಯೂಟರ್ ಬಂತು, ಟೈಪ್ ಮಷೀನುಗಳು ಮೂಲೆ ಸೇರಿದವು. ನಾನು ಮದುವೆಯಾಗಿ ರಾಣೆಬೆನ್ನೂರಿನವಳೇ ಆದೆ. ಒಂದು ದಿನ ನೀಲವ್ವ ತಾನೇ ಬಂದಳು, ಕಂಪನಿಯ ಟೊಪ್ಪಿಗೆ, ಹೆಗಲಿಗೆ ಚೀಲ. ಈಗ ನಾಲ್ಕು ಊರಿನ ಹೊಲಗಳು ಅವಳ ಕೈಕೆಳಗೆ. ಜೊತೆಗೆ ಅವಳ ನಾದಿನಿ, ರೇಣುಕಾ ಎಂದು ಹೆಸರು, ಅದೇ ಕಂಪನಿಗೆ ಅರ್ಜಿ ಹಾಕುವವಳು.

“ಅಕ್ಕೋರ ಕೈಯಾಗ ಬರಸಿದ್ರ ಆತು, ಕೆಲಸ ಆದಂಗ,” ಎಂದು ನೀಲವ್ವ ನಾದಿನಿಗೆ ಹೇಳಿದಳು. “ನನ್ನ ಕಥಿ ಹೇಳೇನಲ್ಲ ನಿನಗ?”

ನನಗೆ ಅವತ್ತು ತಡೆಯಲಾಗಲಿಲ್ಲ. “ನೀಲವ್ವಾರ,” ಎಂದೆ. ಹಾಗೆ ಕರೆದದ್ದು ಅದೇ ಮೊದಲು. “ಅವತ್ತ ನಾ ಬರದ ಪತ್ರ ಅವರು ಓದಿ ಬದಿಗೆ ಹಾಕಿದ್ರು. ನಿಮ್ಮ ಹೆಸರು ಪಟ್ಟಿಯೊಳಗ ಇರಲಿಲ್ಲ. ನೀವು ಬರದದ್ದನ್ನ ನಾ ರದ್ದಿಗೆ ಹಾಕಿದ್ನಿ. ಆಮ್ಯಾಲ ಹುಡುಕಿ ಕೊಟ್ಟೆ. ನಿಮ್ಮನ್ನ ಕರದದ್ದು ನಿಮ್ಮ ಪತ್ರ ಓದಿ.”

ನೀಲವ್ವ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಗೊತ್ತೈತ್ರಿ,” ಎಂದಳು. “ಇಂಟರ್‌ವ್ಯೂದಾಗ ನನ್ನ ಹಾಳಿ ಸಾಹೇಬ್ರ ಕೈಯಾಗ ಇತ್ತು. ಮೂರನೇದು ಎಲ್ಲಿ ಅಂತ ಕೇಳಿದ್ರು. ಅದರಾಗ ಏನಿತ್ತು ಅಂತ ಬಾಯಿಲೆ ಹೇಳಿದ್ನಿ. ಅವತ್ತ ತಿಳೀತು.”

“ಗೊತ್ತಿದ್ದೂ ಎಲ್ಲಾರನ್ನೂ ನನ್ನ ಕಡೆ ಯಾಕ ಕಳಿಸಿದ್ರಿ?”

“ಮೊದಲ ಬಂದಾಕಿನ್ನ ಕೇಳಿದ್ನಿ, ಅಕ್ಕೋರು ಏನ್ ಬರದ್ರು ಅಂತ. ನಾ ಹೇಳಿದ್ದನ್ನ ಬರಕೊಂಡ್ರು ಅಂದ್ಲು. ಮತ್ತ ಯಾಕ ಕಳಿಸಬಾರದ್ರಿ?”

ರೇಣುಕಾ ನನ್ನನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡುತ್ತಿದ್ದಳು. ನೀಲವ್ವ ನನ್ನ ಮುಖವನ್ನೇ ನೋಡುತ್ತ, ಬೈಯುವ ದನಿಯೂ ಅಲ್ಲದ ನಗುವ ದನಿಯೂ ಅಲ್ಲದ ಒಂದು ದನಿಯಲ್ಲಿ ಹೇಳಿದಳು:

“ಇವತ್ತ ಹೇಳತೀರಿ, ನಾಳೆ ಹೇಳತೀರಿ ಅಂತ ನಾ ದಾರಿ ಕಾಯ್ಕೋತ ಬಂದ್ನಿ ಅಕ್ಕೋರ. ಐದು ವರ್ಷ ಹಿಡೀತಲ್ರಿ ನಿಮಗ.”